ಯುಟಿವಿಗೆ ಯಾವ ವಿಂಡ್‌ಶೀಲ್ಡ್? ಮೊದಲು ಸೀಟಿನ ಹಿಂದೆ ತಿರುಗಿ ನೋಡಿ

ನಿಮ್ಮ ಪ್ರಶ್ನೆ ಓದಿದೆ. ಹೊಸದಾಗಿ ಯುಟಿವಿ, ಅಂದರೆ ಅಕ್ಕಪಕ್ಕ ಕೂತು ಕಚ್ಚಾ ದಾರಿಯಲ್ಲಿ ಓಡಿಸುವ ನಾಲ್ಕು ಚಕ್ರದ ತೆರೆದ ಗಾಡಿ, ತಗೊಂಡಿದ್ದೀರಿ. ಮುಂದೆ ಗಾಜಿಲ್ಲ. ಮಣ್ಣಿನ ದಾರಿಯಲ್ಲಿ ಮುಖಕ್ಕೆಲ್ಲ ಧೂಳು, ಬೆಳಗಿನ ಹೊತ್ತು ಕೊರೆಯುವ ಗಾಳಿ. ಫುಲ್ ಹಾಕಿಸಲಾ, ಹಾಫ್ ಹಾಕಿಸಲಾ, ಗಾಜಾ, ಪ್ಲಾಸ್ಟಿಕ್ಕಾ ಅಂತ ಕೇಳಿದ್ದೀರಿ. ಇದೇ ಗೊಂದಲದಲ್ಲಿ ನಾನು ಎರಡು ವಿಂಡ್‌ಶೀಲ್ಡ್ ಹಾಳು ಮಾಡಿಕೊಂಡಿದ್ದೇನೆ. ಮೂರನೆಯದು ಈಗ ಗಾಡಿ ಮೇಲಿದೆ, ಅದರ ಬಗ್ಗೆ ದೂರಿಲ್ಲ.

ಗಾಜು, ಪ್ಲಾಸ್ಟಿಕ್ ಅನ್ನುವ ಮಾತು ಆಮೇಲೆ. ಮೊದಲು ಸೀಟಿನ ಹಿಂದೆ ಏನಿದೆ ನೋಡಿ. ಅಲ್ಲಿ ಪೂರ್ತಿ ಬಯಲಾಗಿದ್ದರೆ, ಎಷ್ಟೇ ಒಳ್ಳೆಯ ಫುಲ್ ವಿಂಡ್‌ಶೀಲ್ಡ್ ಹಾಕಿಸಿದರೂ ಧೂಳು ತಪ್ಪುವುದಿಲ್ಲ. ಕೆಲವು ಸಲ ಜಾಸ್ತಿಯೇ ಆಗುತ್ತದೆ. ಗಾಡಿ ಓಡುವಾಗ ಮುಂದಿನ ಶೀಟು ಗಾಳಿಯನ್ನು ಮೇಲಕ್ಕೂ ಪಕ್ಕಕ್ಕೂ ತಳ್ಳುತ್ತದೆ. ಆಗ ಶೀಟಿನ ಹಿಂದೆ, ಅಂದರೆ ನೀವು ಕೂತ ಜಾಗದಲ್ಲಿ, ಗಾಳಿಯ ಒತ್ತಡ ಕಡಿಮೆಯಾಗುತ್ತದೆ. ಅದನ್ನು ತುಂಬಲು ಹಿಂದಿನಿಂದ ಗಾಳಿ ನುಗ್ಗುತ್ತದೆ. ಹಿಂದೆ ಇರುವ ಗಾಳಿ ಎಂಥದ್ದು? ನಿಮ್ಮದೇ ಚಕ್ರ ಎಬ್ಬಿಸಿದ ಧೂಳು ತುಂಬಿದ್ದು.

ನಾನು ಮೊದಲ ಸಲ ಫುಲ್ ಶೀಲ್ಡ್ ಹಾಕಿಕೊಂಡು ಹೋದ ದಿನ ನನ್ನ ತಮ್ಮ ಪಕ್ಕದಲ್ಲಿ ಕೂತಿದ್ದ. ಮುಖಕ್ಕೆ ಗಾಳಿ ಇಲ್ಲ, ಇಬ್ಬರಿಗೂ ಖುಷಿ. ಒಂದು ಗಂಟೆ ಆದ ಮೇಲೆ ನಿಲ್ಲಿಸಿದೆವು. ಅಂಗಿಯ ಎದೆ ಭಾಗ ಒಗೆದ ಹಾಗೇ ಇತ್ತು. ಕತ್ತಿನ ಹಿಂದೆ, ಕಿವಿಯ ಸಂದಿಯಲ್ಲಿ ಕೆಂಪು ಮಣ್ಣು ಮೆತ್ತಿಕೊಂಡಿತ್ತು. ಅವನು ಕನ್ನಡಕ ತೆಗೆದು ತೋರಿಸಿದ. ಹೊರಬದಿ ಚೊಕ್ಕ, ಒಳಬದಿಯಲ್ಲಿ ಬೆರಳಿಂದ ಹೆಸರು ಬರೆಯುವಷ್ಟು ಧೂಳು. ಆಗಲೇ ನನಗೆ ಗೊತ್ತಾಗಿದ್ದು, ಧೂಳು ಬರುತ್ತಿರುವುದು ಬೆನ್ನ ಕಡೆಯಿಂದ ಅಂತ.

ಇದಕ್ಕೆ ದಾರಿ ಎರಡು. ಒಂದು, ಹಿಂದೆಯೂ ಒಂದು ಪ್ಯಾನೆಲ್ ಹಾಕಿಸುವುದು. ಗಟ್ಟಿ ಪ್ಲಾಸ್ಟಿಕ್ ಆದರೂ ಸರಿ, ಸುತ್ತಿಡಲು ಬರುವ ಮೆತ್ತನೆಯ ಪರದೆಯಾದರೂ ಸರಿ. ಇನ್ನೊಂದು, ಮುಂದಿನಿಂದಲೇ ಸ್ವಲ್ಪ ಗಾಳಿಯನ್ನು ಒಳಗೆ ಬಿಟ್ಟುಕೊಳ್ಳುವುದು. ವೆಂಟ್ (ಗಾಳಿಕಿಂಡಿ) ಇರುವ ಶೀಲ್ಡ್, ಕೆಳಗಿನಿಂದ ಮೇಲಕ್ಕೆ ತೆರೆಯುವ ಶೀಲ್ಡ್, ಇಲ್ಲಾ ಹಾಫ್ ಶೀಲ್ಡ್. ಮುಂದಿನಿಂದ ಬರುವ ಗಾಳಿ ಧೂಳನ್ನು ಹಿಂದಕ್ಕೆ ತಳ್ಳಿಕೊಂಡು ಹೋಗುತ್ತದೆ. ನನ್ನ ಗಾಡಿಯಲ್ಲಿ ಎರಡೂ ಇವೆ. ಒಂದೇ ಸಾಕು ಅನ್ನುವವರಿಗೆ ಹಿಂದಿನ ಪ್ಯಾನೆಲ್ ಹಾಕಿಸಿ ಅಂತಲೇ ಹೇಳುತ್ತೇನೆ. ಆದರೆ ಮುಂದೆ, ಹಿಂದೆ ಎರಡೂ ಕಡೆ ಬಿಗಿಯಾಗಿ ಮುಚ್ಚಿ ವೆಂಟೂ ಇಲ್ಲದಿದ್ದರೆ, ಮಳೆಯಲ್ಲಿ ನಿಮ್ಮ ಉಸಿರಿಗೇ ಒಳಗಡೆ ಮಂಜು ಹಿಡಿಯುತ್ತದೆ. ಅದನ್ನು ಒರೆಸುತ್ತಾ ಗಾಡಿ ಓಡಿಸುವುದು ಬೇಡ.

ಹಾಫ್ ಶೀಲ್ಡ್‌ನಲ್ಲಿ ಎತ್ತರವೇ ಮುಖ್ಯ. ಅದರ ಮೇಲಿನ ಅಂಚು ಕಣ್ಣಿನ ನೇರಕ್ಕೆ ಬಂದರೆ ಕೆಟ್ಟಿತು. ಏರು ಇಳಿಜಾರಿನಲ್ಲಿ ಅಂಚಿನ ಮೇಲಿಂದಲೋ ಕೆಳಗಿಂದಲೋ ಅಂತ ಕಣ್ಣು ಒದ್ದಾಡುತ್ತದೆ. ಅಂಚು ಕಣ್ಣಿನ ನೇರಕ್ಕಿಂತ ಮೂರು ನಾಲ್ಕು ಇಂಚು ಕೆಳಗಿರಲಿ. ತಗೊಳ್ಳುವ ಮೊದಲು ರಟ್ಟು ಕತ್ತರಿಸಿ ಕೇಜಿಗೆ, ಅಂದರೆ ಸೀಟಿನ ಸುತ್ತ ಇರುವ ಪೈಪಿನ ಚೌಕಟ್ಟಿಗೆ, ಟೇಪ್ ಹಚ್ಚಿ, ಹೆಲ್ಮೆಟ್ ಹಾಕಿಕೊಂಡು, ದಿನಾ ಕೂರುವ ಹಾಗೆ ಕೂತು ನೋಡಿ. ಹತ್ತು ನಿಮಿಷದ ಕೆಲಸ. ಎತ್ತರದ ಮನುಷ್ಯ ಆಗಿದ್ದರೆ ಇನ್ನೊಂದು ತೊಂದರೆ ಇದೆ. ಶೀಲ್ಡ್ ಮೇಲಿಂದ ಚಿಮ್ಮುವ ಗಾಳಿ ಸರಿಯಾಗಿ ಹೆಲ್ಮೆಟ್ಟಿಗೇ ಬಡಿದು ತಲೆ ಅಲುಗಾಡಿಸುತ್ತದೆ. ರಟ್ಟು ಕಟ್ಟಿಕೊಂಡೇ ನಿಧಾನಕ್ಕೆ ಒಂದು ಸುತ್ತು ಹೋಗಿ ಬಂದರೆ ಅದೂ ಗೊತ್ತಾಗುತ್ತದೆ. ಇನ್ನೊಂದು ಮಾತು: ಹಾಫ್ ಶೀಲ್ಡ್ ಇದೆ ಅಂತ ಕಣ್ಣಿಗೆ ಗಾಗಲ್ ಬಿಡಬೇಡಿ.

ಬಾನೆಟ್ ಮೇಲೆ ಮಡಚಿಡುವ ಶೀಲ್ಡ್ ನೋಡಲು ಚಂದ. ನನಗೆ ಇಷ್ಟವಾಗಲಿಲ್ಲ. ಮಡಚಿದಾಗ ಬಾನೆಟ್ ಮೇಲಿನ ಮಣ್ಣಿಗೆ ಉಜ್ಜಿ ಉಜ್ಜಿ ಮೇಲ್ಮೈ ಮಬ್ಬಾಗುತ್ತದೆ. ಮೇಲಕ್ಕೆ ತೆರೆಯುವುದರಲ್ಲಿ ಆ ರಗಳೆ ಇಲ್ಲ. ಅದರ ಕೀಲುಗಳು ಮಾತ್ರ ಸ್ವಲ್ಪ ಗಡಗಡ ಅನ್ನುತ್ತವೆ, ರಬ್ಬರ್ ಪಟ್ಟಿ ಅಂಟಿಸಿದರೆ ಸುಮ್ಮನಾಗುತ್ತವೆ.

ಈಗ ಶೀಟಿನ ವಿಷಯ. ಅಂಗಡಿಯಲ್ಲಿ ಮೂರು ಜಾತಿ ಸಿಗುತ್ತವೆ: ಅಕ್ರಿಲಿಕ್, ಪಾಲಿಕಾರ್ಬೊನೇಟ್, ಗಾಜು. ಮೊದಲೆರಡು ನೋಡಲು ಅವಳಿಜವಳಿ. ಮಾರುವವರೂ ಎರಡನ್ನೂ ‘ಅನ್‌ಬ್ರೇಕಬಲ್’ ಅಂತಲೇ ಕೊಡುತ್ತಾರೆ. ನನ್ನ ಮೊದಲ ಶೀಲ್ಡ್ ಹಾಗೇ ಬಂದದ್ದು. ಒಂದು ಚಳಿಯ ಬೆಳಗ್ಗೆ ಶೀಲ್ಡನ್ನು ಪೈಪಿಗೆ ಹಿಡಿದಿಡುವ ಕ್ಲಾಂಪ್ ಸಡಿಲಾಗಿತ್ತು, ಅದನ್ನು ಇನ್ನರ್ಧ ಸುತ್ತು ಬಿಗಿ ಮಾಡಿದೆ. ಟಪ್ ಅಂತ ಸದ್ದು, ಬೋಲ್ಟಿನ ತೂತಿನಿಂದ ಅಂಚಿನವರೆಗೆ ನೇರ ಸೀಳು. ಅದು ಅಕ್ರಿಲಿಕ್. ಗೀರು ಬೀಳುವುದು ಕಮ್ಮಿ, ಬಿಸಿಲಿಗೆ ಹಳದಿಯಾಗುವುದೂ ಕಮ್ಮಿ, ಆದರೆ ಪೆಟ್ಟು ಬಿದ್ದರೆ ಚೂಪಾದ ತುಂಡುಗಳಾಗಿ ಒಡೆಯುತ್ತದೆ. ಕಲ್ಲು ಹಾರುವ ದಾರಿಗೆ ಅದು ಬೇಡ. ಪರೀಕ್ಷೆ ಮಾಡಬೇಕಾ? ಮೂಲೆಯಲ್ಲಿ ಚಿಕ್ಕ ತೂತು ಕೊರೆದು ನೋಡಿ. ಪಾಲಿಕಾರ್ಬೊನೇಟ್ ಆದರೆ ಡ್ರಿಲ್ ಬಿಟ್‌ಗೆ ಸುರುಳಿ ಸುರುಳಿಯಾಗಿ ಸುತ್ತಿಕೊಂಡು ಬರುತ್ತದೆ, ಅಕ್ರಿಲಿಕ್ ಪುಡಿಪುಡಿಯಾಗಿ ಉದುರುತ್ತದೆ.

ಪಾಲಿಕಾರ್ಬೊನೇಟ್ ಅಂದರೆ ಲೆಕ್ಸಾನ್, ಮ್ಯಾಕ್ರೊಲಾನ್ ಅಂತ ಕರೆಯುತ್ತಾರಲ್ಲ, ಅದೇ. 1953ರಲ್ಲಿ ಜರ್ಮನಿಯ ಬೇಯರ್‌ನಲ್ಲೂ ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನಲ್ಲೂ ಒಬ್ಬರಿಗೊಬ್ಬರು ತಿಳಿಯದೆ ಕಂಡುಹಿಡಿದದ್ದು, ಹಾಗಾಗಿ ಎರಡು ಹೆಸರು. ಇದು ಕಲ್ಲಿಗೆ ಒಡೆಯುವುದಿಲ್ಲ, ತಗ್ಗು ಬೀಳುತ್ತದೆ ಅಷ್ಟೆ. ಇದರ ದೌರ್ಬಲ್ಯ ಮೈ ಮೆದು. ಒಣ ಬಟ್ಟೆಯಲ್ಲಿ ಒಂದು ಸಲ ಧೂಳು ಒರೆಸಿದರೂ ಸಾಕು, ಸಂಜೆ ಎದುರು ಬಿಸಿಲಿಗೆ ಹೊರಟಾಗ ಜೇಡರ ಬಲೆ ಕಟ್ಟಿದ ಹಾಗೆ ಗೀರುಗಳೆಲ್ಲ ಹೊಳೆಯುತ್ತವೆ. ಅದಕ್ಕೇ ‘ಹಾರ್ಡ್ ಕೋಟ್’, ಅಂದರೆ ಗೀರು ತಡೆಯುವ ಗಟ್ಟಿ ಲೇಪ, ಇರುವುದನ್ನೇ ಕೇಳಿ. ಎರಡೂ ಬದಿಗೆ ಕೋಟ್ ಇದೆಯಾ ಅಂತಲೂ ಕೇಳಿ. ಒಳಬದಿಯಲ್ಲೂ ಧೂಳು ಕೂರುತ್ತದೆ, ಅಲ್ವಾ? ಬಿಸಿಲಿಗೆ ಹಳದಿಯಾಗದಂತೆ ಯುವಿ ರಕ್ಷಣೆಯೂ ಇರಬೇಕು. ದಪ್ಪ ಎಷ್ಟಿರಬೇಕು ಅಂದರೆ, ಫುಲ್ ಶೀಲ್ಡಿಗೆ ಕಾಲು ಇಂಚು, ಅಂದರೆ 6 ಮಿ.ಮೀ. ಚಿಲ್ಲರೆ ಇರಲಿ. ಹಾಫ್‌ಗೆ 3/16 ಇಂಚು, ಸುಮಾರು 5 ಮಿ.ಮೀ. ಸಾಕು. 3 ಮಿ.ಮೀ. ಶೀಟು ವೇಗಕ್ಕೆ ಪಟಪಟ ನಡುಗುತ್ತದೆ.

ಗಾಜಿನ ಕತೆ ಬೇರೆ. ವೈಪರ್ ಬೇಕು ಅಂದರೆ ಗಾಜೇ ಸರಿ. ಮಳೆ, ಕೆಸರು ಜಾಸ್ತಿ ಇರುವ ಕಡೆ ವೈಪರ್ ಇಲ್ಲದೆ ಫುಲ್ ಶೀಲ್ಡ್ ಇಟ್ಟುಕೊಂಡು ಏನು ಮಾಡುತ್ತೀರಿ? ಪ್ಲಾಸ್ಟಿಕ್ ಮೇಲೆ ವೈಪರ್ ಓಡಿಸಿದರೆ ಸ್ವಲ್ಪ ದಿನಕ್ಕೇ ಕಮಾನಿನ ಆಕಾರದ ಗೀರು ಅಚ್ಚೊತ್ತುತ್ತದೆ. ಆದರೆ ಗಾಜು ತಗೊಳ್ಳುವುದಾದರೆ ಲ್ಯಾಮಿನೇಟೆಡ್ಡೇ ತಗೊಳ್ಳಿ. ಟಫನ್ಡ್ (ಕಾಯಿಸಿ ಗಟ್ಟಿ ಮಾಡಿದ) ಗಾಜಿಗೆ ಜೋರು ಪೆಟ್ಟು ಬಿದ್ದರೆ ಇಡೀ ಹಾಳೆ ಒಂದೇ ಕ್ಷಣಕ್ಕೆ ಸಾವಿರ ಚೂರು. ಮುಂದಿನ ದಾರಿ ಮಾಯ. ಲ್ಯಾಮಿನೇಟೆಡ್‌ನಲ್ಲಿ ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಪದರ ಇರುತ್ತದೆ. ಕಲ್ಲು ಬಿದ್ದ ಕಡೆ ನಕ್ಷತ್ರದ ಹಾಗೆ ಬಿರುಕು ಬಿಡುತ್ತದೆ, ಆದರೆ ಚೂರುಗಳು ಅಂಟಿಕೊಂಡೇ ಇರುತ್ತವೆ, ಮನೆ ತಲುಪಬಹುದು. ಅಮೆರಿಕದ ಗುಣಮಟ್ಟದ ಗಾಜಾದರೆ ಮೂಲೆಯಲ್ಲಿ ‘ಎಎಸ್1’ ಗುರುತು ಇರುತ್ತದೆ. ವಾಹನದ ಮುಂಗಾಜಿಗೆ ಬಳಸಬಹುದು, ಕನಿಷ್ಠ 70% ಬೆಳಕು ದಾಟುತ್ತದೆ ಅಂತ ಅದರ ಅರ್ಥ. ಗಾಡಿಯನ್ನು ಸಾರ್ವಜನಿಕ ರಸ್ತೆಗೂ ಇಳಿಸುತ್ತೀರಾದರೆ, ನಿಮ್ಮ ಕಡೆಯ ನಿಯಮ ಯಾವ ಗುರುತು ಕೇಳುತ್ತದೆ ಅಂತ ಮೊದಲೇ ವಿಚಾರಿಸಿಕೊಳ್ಳಿ.

ಗಾಜಿನ ಬೆಲೆಗಿಂತ ತೂಕ ನನ್ನನ್ನು ತಡೆಯಿತು. 1.2 ಮೀಟರ್ ಅಗಲ, 0.7 ಮೀಟರ್ ಎತ್ತರ, 6 ಮಿ.ಮೀ. ದಪ್ಪ ಅಂತ ಇಟ್ಟುಕೊಳ್ಳಿ. ಗಾಜಾದರೆ ಹನ್ನೆರಡೂವರೆ ಕೆ.ಜಿ., ಪಾಲಿಕಾರ್ಬೊನೇಟ್ ಆದರೆ ಆರು ಕೆ.ಜಿ. ಬೇಸಿಗೆಯಲ್ಲಿ ಬಿಚ್ಚಿ ಮಳೆಗಾಲದಲ್ಲಿ ಹಾಕುವವನು ನಾನೊಬ್ಬನೇ, ಕೈಗೆ ಇನ್ನೊಬ್ಬರು ಸಿಗುವುದಿಲ್ಲ. ವರ್ಷವಿಡೀ ಬಿಚ್ಚುವುದಿಲ್ಲ, ವೈಪರ್ ಬೇಕೇ ಬೇಕು ಅನ್ನುವವರು ಗಾಜಿಗೆ ಹೋಗಲಿ.

ಇನ್ನು ನನ್ನ ಎರಡನೆಯ ಶೀಲ್ಡ್. ಒಳ್ಳೆಯ ಪಾಲಿಕಾರ್ಬೊನೇಟ್. ಕುಲುಕಾಟಕ್ಕೆ ಬೋಲ್ಟ್ ಸಡಿಲಾಗದಿರಲಿ ಅಂತ ಜಾಣತನ ಮಾಡಿ ಬೋಲ್ಟಿನ ತಿರುಪಿನ ಗೆರೆಗಳಿಗೆ ಥ್ರೆಡ್ ಲಾಕರ್ ಅಂಟು ಹಚ್ಚಿದೆ. ಒಂದು ವಾರದೊಳಗೆ ಪ್ರತಿ ತೂತಿನ ಸುತ್ತ ಕೂದಲೆಳೆಯಂಥ ಬಿರುಕು. ಕಲ್ಲಿಗೂ ಒಡೆಯದ ವಸ್ತು ಈ ಅಂಟಿಗೆ ಸೋಲುತ್ತದೆ! ಪೆಟ್ರೋಲ್, ಥಿನ್ನರ್, ಬ್ರೇಕ್ ಕ್ಲೀನರ್ ಕೂಡ ಹಾಗೇ ತಿನ್ನುತ್ತವೆ. ಬಿಗಿ ಮಾಡಿದ ಜಾಗದಲ್ಲಂತೂ ಬೇಗ. ನೈಲಾನ್ ಇರುವ ಲಾಕ್ ನಟ್ ಹಾಕಿ, ಅಂಟು ಬೇಡ.

ತೂತನ್ನೂ ಬೋಲ್ಟಿನ ಅಳತೆಗೇ ಕೊರೆಯಬೇಡಿ. ಪಾಲಿಕಾರ್ಬೊನೇಟ್ ಬಿಸಿಗೆ ಗಾಜಿಗಿಂತ ಏಳೆಂಟು ಪಟ್ಟು ಹಿಗ್ಗುತ್ತದೆ. 1.2 ಮೀಟರ್ ಶೀಟು, ಚಳಿಯ ಬೆಳಗ್ಗೆಗೂ ಮಧ್ಯಾಹ್ನದ ಬಿಸಿಲಿಗೂ 40 ಡಿಗ್ರಿ ವ್ಯತ್ಯಾಸ ಅಂದರೆ ಮೂರು ಮಿ.ಮೀ.ಗಿಂತ ಜಾಸ್ತಿ ಉದ್ದವಾಗುತ್ತದೆ. ಅದಕ್ಕೆ ಜಾಗ ಬಿಡಬೇಕು. ತೂತು ಸ್ವಲ್ಪ ದೊಡ್ಡದಿರಲಿ, ಎರಡೂ ಕಡೆ ರಬ್ಬರ್ ವಾಷರ್ ಇರಲಿ. ವಾಷರ್ ಚಪ್ಪಟೆಯಾಗಿ ಹೊರಗೆ ಉಬ್ಬುವಷ್ಟು ಬಿಗಿ ಮಾಡಬೇಡಿ, ಕೈಯಲ್ಲಿ ಅಲುಗಾಡಿಸಿದಾಗ ಕದಲದಿದ್ದರೆ ಸಾಕು.

ತೊಳೆಯುವುದು ಸುಲಭ. ಮೊದಲು ನೀರು ಸುರಿದು ಮಣ್ಣು ಇಳಿಸಿ, ಆಮೇಲೆ ತೆಳು ಸೋಪಿನ ನೀರು, ಮೈಕ್ರೋಫೈಬರ್ ಬಟ್ಟೆ. ಮನೆಯ ಕಿಟಕಿಗೆ ಹೊಡೆಯುವ ಅಮೋನಿಯಾ ಸ್ಪ್ರೇ ಬೇಡ.

ರಾತ್ರಿ ಓಡಿಸುವ ಅಭ್ಯಾಸ ಇದ್ದರೆ ಚಾವಣಿಯ ಮೇಲಿನ ಎಲ್‌ಇಡಿ ಬಾರ್ ಎಲ್ಲಿದೆ ನೋಡಿಕೊಳ್ಳಿ. ಅದರ ಬೆಳಕು ಶೀಲ್ಡಿನ ಮೇಲೆ ಬೀಳುವ ಹಾಗಿದ್ದರೆ ಧೂಳು, ಗೀರು ಎಲ್ಲ ಬೆಳ್ಳಗೆ ಹೊತ್ತಿಕೊಂಡು ದಾರಿಯೇ ಕಾಣುವುದಿಲ್ಲ. ನಾನು ಬಾರನ್ನು ಬಿಚ್ಚಿ ಬಂಪರಿಗೆ ಇಳಿಸಿದೆ.

ನಿಮ್ಮದು ಧೂಳಿನ ದಾರಿ, ಜೊತೆಗೆ ಚಳಿ. ಮಳೆಯ ಮಾತು ನೀವು ಎತ್ತಿಲ್ಲ. ಹಾಗಾಗಿ ಮೇಲಕ್ಕೆ ತೆರೆಯುವ, ಎರಡೂ ಬದಿ ಹಾರ್ಡ್ ಕೋಟ್ ಇರುವ ಕಾಲಿಂಚಿನ ಪಾಲಿಕಾರ್ಬೊನೇಟ್, ಜೊತೆಗೆ ಹಿಂದೊಂದು ಪ್ಯಾನೆಲ್. ನಾನಾಗಿದ್ದರೆ ಇದನ್ನೇ ಹಾಕಿಸುತ್ತಿದ್ದೆ. ಆರ್ಡರ್ ಮಾಡುವ ಮೊದಲು ಕೇಜಿನ ಪೈಪಿಗೆ ಒಂದು ದಾರ ಸುತ್ತಿ ಅಳೆಯಿರಿ. ಸುತ್ತಳತೆ 140 ಮಿ.ಮೀ. ಹತ್ತಿರ ಬಂದರೆ ಒಂದೂ ಮುಕ್ಕಾಲು ಇಂಚಿನ ಪೈಪು, 160ರ ಹತ್ತಿರ ಬಂದರೆ ಎರಡು ಇಂಚಿನದು. ಕ್ಲಾಂಪ್ ಅದಕ್ಕೆ ತಕ್ಕದ್ದೇ ಬೇಕು. ಕೆಲವು ಗಾಡಿಗಳಲ್ಲಿ ಪೈಪು ಗುಂಡಗಿರುವುದೇ ಇಲ್ಲ, ಮೂಲೆ ಮೂಲೆ ಇರುತ್ತದೆ. ಅದಕ್ಕೆ ಮಾಮೂಲಿ ಗುಂಡು ಕ್ಲಾಂಪ್ ಕೂರುವುದಿಲ್ಲ, ಆ ಮಾಡೆಲ್ಲಿಗೆ ಅಂತಲೇ ಮಾಡಿದ್ದು ಹುಡುಕಬೇಕು. ಅಳತೆಯನ್ನೂ ಮಾಡೆಲ್ ಹೆಸರನ್ನೂ ಇಲ್ಲೇ ಕೆಳಗೆ ಬರೆಯಿರಿ, ಯಾವ ಕ್ಲಾಂಪ್ ಹೊಂದುತ್ತದೆ ಅಂತ ನೋಡೋಣ.