ಓದುಗರ ಪ್ರಶ್ನೆ: ನಾಯಕ ಯಾರು, ಮುಖಂಡ ಯಾರು?

ಪ್ರಶ್ನೆ: ಒಬ್ಬರನ್ನೇ ಪತ್ರಿಕೆಗಳು ಒಂದು ದಿನ ‘ನಾಯಕ’, ಮರುದಿನ ‘ಮುಖಂಡ’, ಇನ್ನೊಮ್ಮೆ ‘ಧುರೀಣ’ ಅನ್ನುತ್ತವೆ. ಯಾವುದು ಸರಿ? – ಶಿರಸಿಯಿಂದ

ಉತ್ತರ: ‘ಮುಖಂಡ’ನಿಗೆ ಕುರ್ಚಿ ಬೇಕಿಲ್ಲ. ರೈತ ಮುಖಂಡ, ಕಾರ್ಮಿಕ ಮುಖಂಡ ಅಂದರೆ ಹಿಂದೆ ನಾಲ್ಕು ಜನ ಇದ್ದಾರೆ ಅಂತ, ಹುದ್ದೆ ಇದೆ ಅಂತಲ್ಲ. ಪದನಾಮ ಗೊತ್ತಿಲ್ಲದ ವರದಿಗಾರನ ಕೈಗೆ ಮೊದಲು ಸಿಗುವ ಪದವೂ ಇದೇ. ‘ನಾಯಕ’ ಎರಡೂ ಕಡೆ ಓಡಾಡುತ್ತದೆ. ಜನನಾಯಕ ಅಂದರೆ ಹೊಗಳಿಕೆ. ವಿರೋಧ ಪಕ್ಷದ ನಾಯಕ ಅಂದರೆ ಸಭಾಧ್ಯಕ್ಷರು ಅಥವಾ ಸಭಾಪತಿಗಳು ಮಾನ್ಯ ಮಾಡಿದ ಸ್ಥಾನ, ಸದನಕ್ಕೆ ಒಬ್ಬರೇ.

ತೊಂದರೆ ಬರುವುದು ಗೌರವದ ಬಹುವಚನದಿಂದ. ‘ವಿರೋಧ ಪಕ್ಷದ ಮುಖಂಡರು ಸಭಾತ್ಯಾಗ ಮಾಡಿದರು’ ಅಂದಾಗ ಹಲವರು ಎದ್ದು ಹೋದರೆಂದು ತಿಳಿಯುತ್ತದೆ. ‘ನಾಯಕರು’ ಅಂದರೆ ಆ ಒಬ್ಬರೋ, ಸಾಲಿನ ಹಿರಿಯರೆಲ್ಲರೋ ಗೊತ್ತಾಗದು. ಹೆಸರು ಸೇರಿಸುವುದೊಂದೇ ದಾರಿ. ‘ಧುರ’ ಎಂದರೆ ನೊಗ. ಅದನ್ನು ಹೊತ್ತವನು ಧುರೀಣ. ಈಗ ಅದು ವಯಸ್ಸಾದವರ ಪದ. ಸಹಕಾರಿ ಧುರೀಣ ಸರಿ, ‘ಯುವ ಧುರೀಣ’ ಕಿವಿಗೆ ಒಗ್ಗುವುದಿಲ್ಲ.

ಆಮಂತ್ರಣ ಬರೆಯುವವರಿಗೆ ಇನ್ನೊಂದು ಮಾತು: ಮೆರವಣಿಗೆ, ನಿಯೋಗ, ಹೋರಾಟಕ್ಕೆ ‘ನೇತೃತ್ವ’, ಸಭೆಗೆ ‘ಅಧ್ಯಕ್ಷತೆ’. ಒಂದೇ ಸಭೆಗೆ ಒಬ್ಬರ ನೇತೃತ್ವ, ಇನ್ನೊಬ್ಬರ ಅಧ್ಯಕ್ಷತೆ ಅಂತ ಅಚ್ಚು ಹಾಕಿಸಿದರೆ ವೇದಿಕೆಯ ಮೇಲೆ ನಡುವಿನ ಕುರ್ಚಿಗೆ ಇಬ್ಬರು ಬರುತ್ತಾರೆ.

ಪ್ರಶ್ನೆ: ನಮ್ಮ ಶಾಲೆಯ ಮುಖ್ಯ ಶಿಕ್ಷಕರು ನಿವೃತ್ತರಾದರು. ಸದ್ಯ ಹಿರಿಯ ಶಿಕ್ಷಕಿಯೊಬ್ಬರು ಕೆಲಸ ನೋಡಿಕೊಳ್ಳುತ್ತಿದ್ದಾರೆ. ಆಹ್ವಾನ ಪತ್ರಿಕೆಯಲ್ಲಿ ಅವರನ್ನು ಹಂಗಾಮಿ ಅನ್ನಬೇಕೇ, ಪ್ರಭಾರ ಅನ್ನಬೇಕೇ, ಉಸ್ತುವಾರಿ ಅನ್ನಬೇಕೇ? – ಹೊಸದುರ್ಗದಿಂದ

ಉತ್ತರ: ‘ಪ್ರಭಾರ ಮುಖ್ಯ ಶಿಕ್ಷಕರು’ ಎಂದು ಹಾಕಿ. ತಮ್ಮ ಹುದ್ದೆ ತಮಗಿದ್ದು, ಖಾಲಿ ಬಿದ್ದ ಮೇಲಿನ ಹುದ್ದೆಯ ಹೊಣೆಯನ್ನೂ ಹೊತ್ತವರಿಗೆ ಸಲ್ಲುವ ಪದ ಅದು.

‘ಹಂಗಾಮಿ’ ಬೇಡ. ಮುಂಗಾರು ಹಂಗಾಮು ಅನ್ನುತ್ತೇವಲ್ಲ, ಅದೇ ಪಾರಸಿ ಮೂಲದ್ದು. ಆ ಹೊತ್ತಿಗೆ ಮಾತ್ರ ಅಂತ ಅರ್ಥ. ರಾಜೀನಾಮೆ ಕೊಟ್ಟು, ಹೊಸಬರು ಬರುವ ತನಕ ಮುಂದುವರಿಯುವವರು ಹಂಗಾಮಿ ಮುಖ್ಯಮಂತ್ರಿ. ಚುನಾವಣೆಯಾದ ಮೇಲೆ ಹೊಸ ಶಾಸಕರಿಗೆ ಪ್ರಮಾಣವಚನ ಬೋಧಿಸಲು ರಾಜ್ಯಪಾಲರು ನೇಮಿಸುವವರು ಹಂಗಾಮಿ ಸ್ಪೀಕರ್. ಆದರೆ ‘ಹಂಗಾಮಿ ನೌಕರ’ ಎಂಬ ಬಳಕೆಯೂ ಇದೆ, ಎಡವಟ್ಟಾಗುವುದು ಅಲ್ಲೇ. ಕಾಯಂ ಶಿಕ್ಷಕಿಯ ಹೆಸರಿನ ಹಿಂದೆ ಹಂಗಾಮಿ ಅಂಟಿಸಿದರೆ ಅವರ ನೌಕರಿಯೇ ತಾತ್ಕಾಲಿಕವೆಂದು ಓದುಗರು ತಿಳಿದಾರು.

‘ಉಸ್ತುವಾರಿ’ ಅಂದರೆ ಬೇರೆಯವರ ಕೆಲಸದ ಮೇಲೆ ಕಣ್ಣಿಡುವುದು. ಜಿಲ್ಲಾ ಉಸ್ತುವಾರಿ ಸಚಿವರು ಜಿಲ್ಲಾಧಿಕಾರಿಯನ್ನು ಪ್ರಶ್ನಿಸುತ್ತಾರೆ, ಅವರ ಕುರ್ಚಿಯಲ್ಲಿ ಕೂರುವುದಿಲ್ಲ.

ಪ್ರಶ್ನೆ: ಸಭಾಧ್ಯಕ್ಷ, ಸಭಾಪತಿ ಎರಡೂ ಒಂದೇ ಅಲ್ಲವೇ? – ಗದಗದಿಂದ

ಉತ್ತರ: ಅಲ್ಲ. 224 ಸದಸ್ಯರ ವಿಧಾನಸಭೆಗೆ ಸಭಾಧ್ಯಕ್ಷರು, 75 ಸದಸ್ಯರ ವಿಧಾನ ಪರಿಷತ್ತಿಗೆ ಸಭಾಪತಿಗಳು. ದೆಹಲಿಯಲ್ಲೂ ರಾಜ್ಯಸಭೆಗೆ ಸಭಾಪತಿ. ಉಪರಾಷ್ಟ್ರಪತಿಯೇ ಪದನಿಮಿತ್ತ ಆ ಪೀಠದಲ್ಲಿರುತ್ತಾರೆ. ಮಹಿಳೆಯಾದರೂ ಸಭಾಪತಿ, ರಾಷ್ಟ್ರಪತಿ ಬದಲಾಗುವುದಿಲ್ಲ. ಇಲ್ಲಿ ಪತಿ ಎಂದರೆ ಒಡೆಯ, ಗಂಡನಲ್ಲ.

ಪ್ರಶ್ನೆ: ಮನೆಯ ಯಜಮಾನ ಮತ್ತು ಮನೆಯ ಮಾಲೀಕ, ಅರ್ಜಿಯಲ್ಲಿ ಯಾವುದನ್ನು ಬರೆಯಬೇಕು? – ತುಮಕೂರಿನಿಂದ

ಉತ್ತರ: ಅರ್ಜಿ ಏನನ್ನು ಕೇಳುತ್ತಿದೆ ನೋಡಿ. ಮಾಲೀಕನಿಗೆ ಕಾಗದಪತ್ರ ಬೇಕು, ಯಜಮಾನನಿಗೆ ಮನೆಮಂದಿ ಬೇಕು. ಬಾಡಿಗೆ ಮನೆಯ ಸಂಸಾರಕ್ಕೂ ಯಜಮಾನರಿರುತ್ತಾರೆ, ಮಾಲೀಕರು ಬೇರೆ ಬೀದಿಯಲ್ಲಿರುತ್ತಾರೆ. ಸಂಸ್ಕೃತದಲ್ಲಿ ಯಜಮಾನನೆಂದರೆ ಯಜ್ಞ ಮಾಡಿಸುವವನು: ಖರ್ಚು ಅವನದು, ಫಲವೂ ಅವನದು, ಮಂತ್ರ ಹೇಳುವವರು ಬೇರೆ. ಪುರೋಹಿತರು ಸಂಕಲ್ಪಕ್ಕೆ ಕರೆಯುವಾಗ ಆ ಹಳೆಯ ಅರ್ಥ ಇನ್ನೂ ಉಳಿದಿದೆ. ‘ನಮ್ಮ ಯಜಮಾನ್ರು ಮನೇಲಿಲ್ಲ’ ಅಂದಾಗ ಗಂಡ, ಊರಿನ ಯಜಮಾನ ಅಂದಾಗ ಪಂಚಾಯಿತಿ ಕಟ್ಟೆಯ ಹಿರಿಯ. ವಿಮರ್ಶಕರು ‘ಯಜಮಾನ್ಯ’ ಅಂದರೆ ಮಾತ್ರ ಅದು ಬೈಗುಳಕ್ಕೆ ಹತ್ತಿರ.

ಪಡಿತರ ಚೀಟಿಯ ಮಟ್ಟಿಗೆ 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯಂತೆ 18 ತುಂಬಿದ ಹಿರಿಯ ಹೆಣ್ಣುಮಗಳೇ ಕುಟುಂಬದ ಮುಖ್ಯಸ್ಥೆ. 2023ರಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆಯ ತಿಂಗಳ 2000 ರೂಪಾಯಿಯೂ ಈ ‘ಯಜಮಾನಿ’ಯ ಖಾತೆಗೇ. ಪತ್ರದಲ್ಲಿ ಮನೆ ಯಾರ ಹೆಸರಿಗಿದ್ದರೂ ಇಲ್ಲಿ ಲೆಕ್ಕಕ್ಕೆ ಬರದು.

ಪ್ರಶ್ನೆ: ಅಜ್ಜನ ಕಾಲದ ಪತ್ರದಲ್ಲಿ ಪಟೇಲ, ಶಾನುಭೋಗ ಇಬ್ಬರ ಸಹಿಯೂ ಇದೆ. ದೊಡ್ಡವರು ಯಾರು? – ಹಾಸನದಿಂದ

ಉತ್ತರ: ಊರಿನ ಮೇಲೆ ಅಧಿಕಾರ ಪಟೇಲನದು: ಕಂದಾಯ ವಸೂಲಿ, ಊರಿನ ಶಾಂತಿ. ಲೆಕ್ಕದ ಪುಸ್ತಕ ಶಾನುಭೋಗನದು. ಮಾತು ಪಟೇಲನದಾದರೂ ಯಾರ ಹೊಲ ಎಷ್ಟು ಎಂದು ಬಲ್ಲವನು ಶಾನುಭೋಗ. ಊರಿಗೆ ಇಬ್ಬರ ಭಯವೂ ಇತ್ತು. 1961ರ ಗ್ರಾಮಾಧಿಕಾರ ರದ್ದು ಕಾಯ್ದೆ 1963ರ ಫೆಬ್ರುವರಿ 1ರಂದು ಜಾರಿಗೆ ಬಂದು ಈ ವಂಶಪಾರಂಪರ್ಯ ಹುದ್ದೆಗಳು ಹೋದವು. ಬಳಿಕ ಬಂದವನು ಗ್ರಾಮ ಲೆಕ್ಕಿಗ. ಅದೇ ಹುದ್ದೆಗೆ ಈಗ ಗ್ರಾಮ ಆಡಳಿತ ಅಧಿಕಾರಿ ಎಂದು ಹೆಸರು.

ಪ್ರಶ್ನೆ: ಸಂಘದ ಲೆಟರ್‌ಹೆಡ್‌ನಲ್ಲಿ ‘ಮುಖ್ಯ ಕಾರ್ಯದರ್ಶಿ’ ಅಂತ ಹಾಕಬಹುದೇ? – ಉಡುಪಿಯಿಂದ

ಉತ್ತರ: ಬೈಲಾದಲ್ಲಿ ಯಾವ ಪದವಿದೆಯೋ ಅದನ್ನೇ ಹಾಕಿ, ಇಲ್ಲವಾದರೆ ಬ್ಯಾಂಕಿನಲ್ಲಿ ಸಹಿ ಬದಲಾಯಿಸುವಾಗ ತಕರಾರು ಬರುತ್ತದೆ. ಸರ್ಕಾರದಲ್ಲಿ ಮುಖ್ಯ ಕಾರ್ಯದರ್ಶಿ ಇಡೀ ರಾಜ್ಯಕ್ಕೆ ಒಬ್ಬರು, ಪ್ರಧಾನ ಕಾರ್ಯದರ್ಶಿಗಳು ಇಲಾಖೆಗಳಲ್ಲಿ ಅವರ ಕೆಳಗೆ. ಸಂಘ, ಪಕ್ಷಗಳಲ್ಲಿ ರೂಢಿಯಲ್ಲಿರುವುದು ‘ಪ್ರಧಾನ ಕಾರ್ಯದರ್ಶಿ’.