ಮುಂದಿನ ಬೆಂಚಿನಿಂದ ಬರುವ ಉತ್ತರ: ತಂಡವಾಗಿ ಗಣಿತ ಸ್ಪರ್ಧೆಗೆ ಹೋಗುವವರ ಪ್ರಶ್ನೆಗಳು

ಪ್ರಶ್ನೆ: ಮಗಳು ಹತ್ತನೇ ಗ್ರೇಡ್. ಎಆರ್‌ಎಂಎಲ್ (ಅಮೆರಿಕದಲ್ಲಿ ಪ್ರದೇಶವಾರು ತಂಡಗಳ ನಡುವಿನ ಗಣಿತ ಸ್ಪರ್ಧೆ) ಸ್ಪರ್ಧೆಗೆ ನಮ್ಮ ಪ್ರದೇಶದ ತಂಡದಲ್ಲಿ ಆಯ್ಕೆಯಾಗಿದ್ದಾಳೆ. ಒಬ್ಬಳೇ ಕೂತರೆ ಲೆಕ್ಕ ಸಲೀಸು, ಗುಂಪಿನಲ್ಲಿ ತಡವರಿಸುತ್ತಾಳೆ. ಯಾವ ಅಭ್ಯಾಸ ಮಾಡಿಸಲಿ?
– ಒಬ್ಬ ತಾಯಿ, ನ್ಯೂಜೆರ್ಸಿ

ಉತ್ತರ: ಆ ಸ್ಪರ್ಧೆಯಲ್ಲಿ ತಂಡಕ್ಕೆ 15 ಮಕ್ಕಳು, ಒಟ್ಟು 300 ಅಂಕ. ಅದರಲ್ಲಿ 150 ಅಂಕ ವೈಯಕ್ತಿಕ ಸುತ್ತಿನದೇ: ಹತ್ತು ಪ್ರಶ್ನೆಗಳನ್ನು ಎರಡೆರಡಾಗಿ ಕೊಡುತ್ತಾರೆ, ಪ್ರತಿ ಜೋಡಿಗೆ 10 ನಿಮಿಷ. ಹಾಗಾಗಿ ಅವಳು ಒಬ್ಬಳೇ ಮಾಡಿದ ಅಭ್ಯಾಸ ಎಲ್ಲೂ ಹೋಗುವುದಿಲ್ಲ. ಉಳಿದದ್ದು ಟೀಮ್, ಪವರ್, ರಿಲೇ ಸುತ್ತುಗಳಿಗೆ 50ರಂತೆ.

ಟೀಮ್ ಸುತ್ತಿನಲ್ಲಿ 20 ನಿಮಿಷಕ್ಕೆ 10 ಪ್ರಶ್ನೆ. ಹದಿನೈದೂ ಜನ ಒಂದನೇ ಪ್ರಶ್ನೆಗೇ ಮುಗಿಬೀಳುವುದು ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು. ಮೂವರ ಐದು ಗುಂಪು ಮಾಡಿ, ಗುಂಪಿಗೆ ಎರಡು ಪ್ರಶ್ನೆಯಂತೆ ಮೊದಲೇ ಹಂಚಿಕೊಳ್ಳಲಿ. ಇಬ್ಬರು ಬೇರೆ ಬೇರೆಯಾಗಿ ಮಾಡಿ ಒಂದೇ ಉತ್ತರ ಬಂದ ಮೇಲಷ್ಟೇ ಹಾಳೆಗೆ ಏರಲಿ. 15ನೇ ನಿಮಿಷಕ್ಕೆ ಹಾಳೆ ಹಿಡಿದವರು ಖಾಲಿ ಉಳಿದ ಸಂಖ್ಯೆಗಳನ್ನು ಕೂಗಿ ಹೇಳಲಿ; ಕೈ ಖಾಲಿಯಾದವರು ಅಲ್ಲಿಗೆ ಹೋಗಲಿ. ತಡವರಿಸುವ ಹುಡುಗಿಗೆ ಹದಿನೈದು ಜನರ ಗದ್ದಲಕ್ಕಿಂತ ಮೂವರ ಗುಂಪು ಎಷ್ಟೋ ವಾಸಿ.

ಪವರ್ ಸುತ್ತು 60 ನಿಮಿಷ, ಒಂದೇ ವಿಷಯದ ಮೇಲೆ ಸರಣಿಯಾಗಿ ಬರುವ ಪ್ರಶ್ನೆಗಳು, ಹೆಚ್ಚಿನವಕ್ಕೆ ಸಾಧನೆ (ಹೇಳಿಕೆ ಏಕೆ ನಿಜವೆಂದು ಹಂತಹಂತವಾಗಿ ತೋರಿಸುವ ತರ್ಕ) ಬರೆಯಬೇಕು. ಮೂರನೆಯ ಭಾಗ ಸಾಧಿಸಲಾಗದಿದ್ದರೂ ಅದರ ಹೇಳಿಕೆಯನ್ನು ನಾಲ್ಕನೆಯದರಲ್ಲಿ ಬಳಸಬಹುದು. ಇದು ಗೊತ್ತಿಲ್ಲದೆ ಮೂರರಲ್ಲೇ ಸಿಕ್ಕಿಕೊಂಡವರು ಮುಂದಿನ ಸುಲಭದ ಅಂಕವನ್ನೂ ಕಳೆದುಕೊಳ್ಳುತ್ತಾರೆ. ನಾಲ್ಕು ಉದಾಹರಣೆ ಸರಿಬಂದವೆಂದು ನಿಲ್ಲಿಸಿದರೆ ಸಾಧನೆ ಆಗದು. ಬರೆದವರಲ್ಲದ ಇನ್ನೊಬ್ಬರು ಓದಿ, ಅರ್ಥವಾಗದ ಸಾಲಿಗೆ ಗುರುತು ಹಾಕಬೇಕು. ಮನೆಯಲ್ಲಿ ಈ ಅಭ್ಯಾಸವನ್ನೇ ಹೆಚ್ಚು ಮಾಡಿಸಿ.

ಪ್ರಶ್ನೆ: ನಮ್ಮ ಪ್ರೌಢಶಾಲೆಯಲ್ಲಿ ರಿಲೇ ಸುತ್ತು ನಡೆಸಬೇಕೆಂದಿದೆ. ಹೇಗೆ?
– ಗಣಿತ ಶಿಕ್ಷಕಿ, ಧಾರವಾಡ

ಉತ್ತರ: ತರಗತಿಗೆ ಇದರಷ್ಟು ಒಗ್ಗುವ ಸುತ್ತು ಇನ್ನೊಂದಿಲ್ಲ, ಖಂಡಿತ ಮಾಡಿ. ಮೂವರನ್ನು ಒಬ್ಬರ ಹಿಂದೊಬ್ಬರಂತೆ ಕೂರಿಸಿ, ಮೂವರಿಗೂ ಬೇರೆ ಬೇರೆ ಪ್ರಶ್ನೆಯನ್ನು ಒಟ್ಟಿಗೇ ಕೊಡಿ. ಎರಡನೆಯ ಮತ್ತು ಮೂರನೆಯ ಪ್ರಶ್ನೆಯಲ್ಲಿ ‘ಟಿ’ ಎಂದರೆ ಮುಂದಿನ ಬೆಂಚಿನಿಂದ ಚೀಟಿಯಲ್ಲಿ ಬರುವ ಉತ್ತರ. ಚೀಟಿಯಲ್ಲಿ ಉತ್ತರವೊಂದೇ, ಮಾತಿಲ್ಲ, ಸನ್ನೆಯಿಲ್ಲ. ಕೊನೆಯವರ ಉತ್ತರ 3 ನಿಮಿಷಕ್ಕೆ ಸರಿಯಿದ್ದರೆ 5 ಅಂಕ, 6 ನಿಮಿಷಕ್ಕಾದರೆ 3.

ಒಂದು ಮಾದರಿ. ಮೊದಲನೆಯವರಿಗೆ: 72ಕ್ಕೆ ಎಷ್ಟು ಅಪವರ್ತನಗಳಿವೆ? ಎರಡನೆಯವರಿಗೆ: ಲಂಬಕೋನ ತ್ರಿಭುಜದಲ್ಲಿ ಲಂಬಕೋನದ ಬಾಹುಗಳು ಟಿ ಮತ್ತು 16, ವಿಕರ್ಣ ಎಷ್ಟು? ಮೂರನೆಯವರಿಗೆ: 1ರಿಂದ ಟಿವರೆಗಿನ ಸಂಖ್ಯೆಗಳ ಮೊತ್ತದ ಅತಿ ದೊಡ್ಡ ಅವಿಭಾಜ್ಯ ಅಪವರ್ತನ ಯಾವುದು? ಉತ್ತರಗಳು 12, 20, 7.

ಹಿಂದೆ ಕೂತವರು ಚೀಟಿ ಬರುವವರೆಗೆ ಸುಮ್ಮನಿರಬಾರದು, ಇಡೀ ಆಟ ನಿಂತಿರುವುದೇ ಇದರ ಮೇಲೆ. ಎರಡನೆಯವರು ‘(ಟಿ × ಟಿ + 256)ರ ವರ್ಗಮೂಲ’ ಎಂದು ಬರೆದಿಟ್ಟುಕೊಂಡಿರಬೇಕು. ಮೂರನೆಯವರಿಗೆ ಮೊತ್ತ ಟಿ × (ಟಿ + 1) ÷ 2 ಎಂದು ಹೊಳೆದರೆ, ಚೀಟಿಯಲ್ಲಿ 20 ಕಂಡೊಡನೆ 20 ಮತ್ತು 21ರ ಅಪವರ್ತನ ನೋಡಿದರೆ ಸಾಕು, 210ರವರೆಗೆ ಹೋಗಬೇಕಾಗಿಲ್ಲ.

ಎಡವುವುದು ಎಲ್ಲಿ? ಮೊದಲನೆಯವರು 1 ಮತ್ತು 72ನ್ನು ಎಣಿಸದೆ 10 ಎಂದು ಕಳಿಸುತ್ತಾರೆ. ಎರಡನೆಯವರಿಗೆ 356 ಬರುತ್ತದೆ, ಅದು ಪೂರ್ಣವರ್ಗವಲ್ಲ. ತಪ್ಪು ಮುಂದೆ ಕೂತವರದೆಂದು ಗೊತ್ತಾದರೂ ಹೇಳುವಂತಿಲ್ಲ. ಆದ್ದರಿಂದ ಚೀಟಿ ಕೊಟ್ಟವರು ಕೈಕಟ್ಟಿ ಕೂರದೆ ಬೇರೆ ದಾರಿಯಲ್ಲಿ ಮತ್ತೊಮ್ಮೆ ಮಾಡಿ ನೋಡಲಿ: 72 ಎಂದರೆ ಮೂರು 2, ಎರಡು 3; ಹಾಗಾಗಿ 4 × 3 = 12. ತಿದ್ದಿದ ಉತ್ತರಕ್ಕೆ ಎರಡನೇ ಚೀಟಿ ಕಳಿಸಲು ನಿಮ್ಮ ನಿಯಮದಲ್ಲಿ ಅವಕಾಶವಿರಲಿ. 1 ಮತ್ತು 7 ಬೇರೆಯಾಗಿ ಕಾಣುವಂತೆ ಬರೆಯಲು ಮೊದಲೇ ಹೇಳಿ.

ಪ್ರಶ್ನೆ ತಯಾರಿಸುವಾಗ ಎರಡು ಎಚ್ಚರಿಕೆ. ಮೊದಲನೆಯ ಪ್ರಶ್ನೆಯೇ ಕಠಿಣವಾದರೆ ಉಳಿದಿಬ್ಬರು ಕಾದೇ ಕಾಲ ಕಳೆಯುತ್ತಾರೆ. ತಪ್ಪು ಟಿ ಹಾಕಿದರೂ ಸರಿಯುತ್ತರ ಬರುತ್ತದೆಯೇ ಎಂದೂ ನೋಡಿ. ಮೇಲಿನ ಮೂರನೆಯ ಪ್ರಶ್ನೆಯಲ್ಲಿ 20ರ ಬದಲು 14 ಬಂದರೂ 7 ಸಿಗುತ್ತದೆ. ಮಕ್ಕಳು ಮಾಡಬಹುದಾದ ತಪ್ಪುಗಳನ್ನೆಲ್ಲ ಒಂದೊಂದಾಗಿ ಹಾಕಿ ಪರೀಕ್ಷಿಸಿ.

ಪ್ರಶ್ನೆ: ನಾವು ಮೂವರು ಗೆಳೆಯರು, ಬೇರೆ ಬೇರೆ ಶಾಲೆ. ಐಒಕ್ಯೂಎಂ (ಭಾರತದ ಗಣಿತ ಒಲಿಂಪಿಯಾಡ್‌ನ ಅರ್ಹತಾ ಪರೀಕ್ಷೆ) ಒಬ್ಬೊಬ್ಬರೇ ಬರೆಯುವಂಥದ್ದು. ಇಲ್ಲಿಂದಲೇ ತಂಡವಾಗಿ ಬರೆಯುವ ಸ್ಪರ್ಧೆ ಇದೆಯೇ?
– ವಿದ್ಯಾರ್ಥಿ, ಶಿವಮೊಗ್ಗ

ಉತ್ತರ: ಇದೆ. ಪರ್ಪಲ್ ಕಾಮೆಟ್, 2003ರಿಂದ ನಡೆಯುತ್ತಿರುವ ಆನ್‌ಲೈನ್ ಸ್ಪರ್ಧೆ, ಶುಲ್ಕವಿಲ್ಲ. ತಂಡದಲ್ಲಿ ಆರು ಮಂದಿಯವರೆಗೆ ಇರಬಹುದು. ಹೈಸ್ಕೂಲ್ ವಿಭಾಗದಲ್ಲಿ 90 ನಿಮಿಷಕ್ಕೆ 30 ಪ್ರಶ್ನೆ, ಉತ್ತರಗಳೆಲ್ಲ ಪೂರ್ಣಾಂಕ. ಹೆಸರು ನೋಂದಾಯಿಸಿ ಮೇಲ್ವಿಚಾರಣೆ ಮಾಡಲು ವಯಸ್ಕರೊಬ್ಬರು ಬೇಕು, ಶಾಲೆಯ ಮೇಷ್ಟ್ರನ್ನು ಈಗಲೇ ಕೇಳಿಕೊಳ್ಳಿ. ನಿಮ್ಮದು ಬೇರೆ ಬೇರೆ ಶಾಲೆಗಳ ಮಿಶ್ರ ತಂಡವಾಗುತ್ತದೆ. ಪ್ರಶ್ನೆಗಳು ಮುಂದೆ ಹೋದಂತೆ ಕಠಿಣವಾಗುತ್ತವೆ. ಮೂವರೇ ಆದ್ದರಿಂದ ಮೊದಲ ಹದಿನೈದನ್ನು ತಲಾ ಐದರಂತೆ ಹಂಚಿಕೊಂಡು, ಹಾಳೆ ಬದಲಿಸಿಕೊಂಡು ಪರಿಶೀಲಿಸಿ, ಆಮೇಲಷ್ಟೇ ಉಳಿದವಕ್ಕೆ ಒಟ್ಟಿಗೆ ಕೈಹಾಕಿ. ಉತ್ತರಗಳನ್ನು ಕಂಪ್ಯೂಟರಿಗೆ ತುಂಬುವ ಕೆಲಸ ಒಬ್ಬರದೇ ಆಗಿರಲಿ, ಕೊನೆಯ ಐದು ನಿಮಿಷ ಅದಕ್ಕೇ ಮೀಸಲಿಡಿ.