ಅಜ್ಜಿ ಮನೆ ಬೋರ್ಶ್, ಹೋಟೆಲ್ ಬೋರ್ಶ್

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ಯುಕ್ರೇನಿನ ಹೊಸ ಬಗೆಯ ಹೋಟೆಲ್‌ಗಳ ಬಗ್ಗೆ ಬರೆದಿದ್ದೀರಿ. ನನ್ನ ಮಗಳು ಖಾರ್ಕಿವ್‌ನಲ್ಲಿ ನಾಲ್ಕು ವರ್ಷ ಮೆಡಿಕಲ್ ಓದಿ, 2022ರ ಮಾರ್ಚ್‌ನಲ್ಲಿ ಒಂದು ಬ್ಯಾಗ್ ಹಿಡಿದು ವಾಪಸ್ ಬಂದವಳು. ಬೋರ್ಶ್ ಅಂದರೆ ಅವಳಿಗೆ ಪಕ್ಕದ ಮನೆ ಅಜ್ಜಿ ಕೊಡುತ್ತಿದ್ದ ಬಿಸಿ ಬೀಟ್‌ರೂಟ್ ಸಾರು. ನಿಮ್ಮ ಲೇಖನದ ಬೋರ್ಶ್ ನೋಡಿದರೆ ಕೋಸಿನ ಬಟ್ಟಲಲ್ಲಿ ಕೂತಿದೆ! ಇನ್ನೊಂದರಲ್ಲಿ ಹೊಗೆ ಹಾಕಿದ ಪೇರ್ ಹಣ್ಣಂತೆ. ಇದು ಸಂಪ್ರದಾಯವೋ, ದುಡ್ಡಿದ್ದವರ ಶೋಕಿಯೋ? ಸಾಲದ್ದಕ್ಕೆ ಫೋಟೊ ಕೆಳಗೆ ‘ರಷ್ಯದ ಸೂಪ್’ ಅಂತ ಬೇರೆ. ಮಗಳು ಪತ್ರಿಕೆ ಮಡಚಿ ಎದ್ದು ಹೋದಳು. ಅಂದ ಹಾಗೆ, ಅಲ್ಲಿ ಸಸ್ಯಾಹಾರಿಗಳಿಗೆ ಏನಿದೆ? — ಒಬ್ಬ ತಾಯಿ, ದಾವಣಗೆರೆ

ಸಂಪಾದಕರ ಉತ್ತರ:

ನಮಸ್ಕಾರ ಅಮ್ಮ. ಮೊದಲು ತಪ್ಪೊಪ್ಪಿಕೊಂಡುಬಿಡುತ್ತೇನೆ. ಫೋಟೊ ಕೆಳಗಿನ ಆ ಸಾಲು ಬರೆದವನು ನಾನೇ. ಪುಟ ಕಳಿಸುವ ಗಡಿಬಿಡಿ, ಹಳೇ ಅಭ್ಯಾಸ. ಬೋರ್ಶ್ ಅನ್ನು ಪೋಲೆಂಡಿನಲ್ಲೂ ಮಾಡುತ್ತಾರೆ, ರಷ್ಯದಲ್ಲೂ ಮಾಡುತ್ತಾರೆ, ನಿಜ. ಆದರೆ ಯುಕ್ರೇನಿನ ಹೋಟೆಲ್‌ಗಳ ಲೇಖನದಲ್ಲಿ ಹಾಗೆ ಬರೆದದ್ದು ಬರೀ ಅಜಾಗರೂಕತೆ. 2022ರ ಜುಲೈ 1ರಂದು ಯುನೆಸ್ಕೊ ಯುಕ್ರೇನಿನ ಬೋರ್ಶ್ ಅಡುಗೆಯ ಸಂಸ್ಕೃತಿಯನ್ನು ತುರ್ತಾಗಿ ಉಳಿಸಿಕೊಳ್ಳಬೇಕಾದ ಪರಂಪರೆಗಳ ಪಟ್ಟಿಗೆ ಸೇರಿಸಿತು. ಬೋರ್ಶ್ ಇವರೊಬ್ಬರದೇ ಅಂತ ಅದರ ಅರ್ಥ ಅಲ್ಲ, ಯುನೆಸ್ಕೊ ಅದನ್ನೂ ಹೇಳಿದೆ. ಯುದ್ಧದಿಂದಾಗಿ ಊರು ಬಿಟ್ಟು ಓಡಿದವರಿಗೆ ಹಿತ್ತಿಲು ಇಲ್ಲ, ಒಟ್ಟಿಗೆ ಕೂತು ಅಡುಗೆ ಮಾಡಲು ಜಾಗ ಇಲ್ಲ, ಹೀಗೇ ಆದರೆ ಇದು ಉಳಿಯುವುದಿಲ್ಲ ಎನ್ನುವುದು ಅಲ್ಲಿನ ಕಾಳಜಿ. ಮಗಳಿಗೆ ನನ್ನ ಕ್ಷಮೆ ತಿಳಿಸಿ.

ಈಗ ಶೋಕಿಯ ಪ್ರಶ್ನೆ. ಕೀವ್‌ನ ಆಂದ್ರೀವ್‌ಸ್ಕಿ ಇಳಿಜಾರಿನ ಕಲ್ಲು ಹಾಸಿದ ಬೀದಿಯಲ್ಲಿ ಕನಾಪಾ ಅಂತ ಒಂದು ಹೋಟೆಲ್. ನೇರಳೆ ಕೋಸನ್ನು ಕೊರೆದು ಬಟ್ಟಲು ಮಾಡಿ, ಅದರೊಳಗೆ ಬೋರ್ಶ್ ಸುರಿದು ಕೊಡುವುದು ಅಲ್ಲಿನದು. ಅದು ಶೋಕಿಯೇ. ನಿಮ್ಮ ಮಾತಿಗೆ ನನ್ನದೂ ಸಹಿ. ಫೋಟೊಗೆ ಚೆಂದ, ಅದಕ್ಕೇ ನಾವೂ ಹಾಕಿದೆವು.

ಹೊಗೆ ಹಾಕಿದ ಪೇರ್‌ನ ಕತೆ ಮಾತ್ರ ಬೇರೆ. ಹಳ್ಳಿ ಮನೆಗಳಲ್ಲಿ ‘ಪೀಚ್’ ಎಂಬ ದೊಡ್ಡ ಮಣ್ಣಿನ ಒಲೆ ಇರುತ್ತಿತ್ತು. ಅದರಲ್ಲೇ ರೊಟ್ಟಿ, ಅದರಲ್ಲೇ ಸಾರು, ಮೇಲೆ ಮಲಗಲೂ ಜಾಗ. ಪೋಲ್ತಾವಾ ಕಡೆ ಪ್ಲಮ್, ಪೇರ್ ಹಣ್ಣುಗಳನ್ನು ಹೊಗೆಯಲ್ಲಿ ಒಣಗಿಸಿಟ್ಟು ಚಳಿಗಾಲಕ್ಕೆ ಸಾರಿಗೆ ಹಾಕುತ್ತಿದ್ದರು. ಹುಳಿ, ಸಿಹಿ, ಹೊಗೆ ಮೂರೂ ಒಟ್ಟಿಗೆ. ಅಂದರೆ ನಿಮಗೆ ಹೊಸದಾಗಿ ಕಂಡದ್ದು ಹಳೆಯದು. ಹಾಗಾದರೆ ಮಗಳು ಕುಡಿದ ಸಾರು? ಅದೂ ಸುಳ್ಳಲ್ಲ. ನಡುವೆ ಏನೋ ನಡೆಯಿತು, ಅಷ್ಟೆ.

ನಡೆದದ್ದು ಸೋವಿಯತ್ ಕ್ಯಾಂಟೀನು. ಸರ್ಕಾರದ ಒಂದು ಪುಸ್ತಕ, ಅದರಲ್ಲಿ ಗ್ರಾಂ ಲೆಕ್ಕದಲ್ಲಿ ಅಳತೆ. ಸೋವಿಯತ್ ಒಕ್ಕೂಟದ ಒಂದು ಕಡೆಯ ರೀಗಾದಲ್ಲೂ ಅದೇ ಬೋರ್ಶ್, ಇನ್ನೊಂದು ಕಡೆಯ ತಾಷ್ಕೆಂಟ್‌ನಲ್ಲೂ ಅದೇ ಬೋರ್ಶ್. ಅದಕ್ಕೂ ಮುಂಚೆ 1932–33ರ ಹೊಲೊದೊಮೋರ್. ಸೋವಿಯತ್ ಸರ್ಕಾರ ಧಾನ್ಯ ಕಿತ್ತುಕೊಂಡು ಹೋದ ಆ ಕ್ಷಾಮದಲ್ಲಿ ಲಕ್ಷಗಟ್ಟಲೆ ಜನ ಸತ್ತರು. ಅಡುಗೆ ಕಲಿಸಬೇಕಿದ್ದ ಅಜ್ಜಿಯರೇ ಹೋದ ಮೇಲೆ ಮೊಮ್ಮಕ್ಕಳಿಗೆ ಉಳಿದದ್ದು ಕ್ಯಾಂಟೀನಿನ ರುಚಿ. ಆಮೇಲೆ ಅಪಾರ್ಟ್‌ಮೆಂಟು, ಗ್ಯಾಸ್ ಒಲೆ. ಆ ಮಣ್ಣಿನ ಒಲೆ ಎಲ್ಲಿಡುವುದು?

ಸೋವಿಯತ್ ಕಾಲ ಎಂಬ ಈ ಗೋಡೆಯ ಆಚೆ ಕೈ ಚಾಚಿದವರಲ್ಲಿ ಬಾಣಸಿಗ ಎವ್ಹೆನ್ ಕ್ಲೊಪೊತೆಂಕೊ ಹೆಸರು ಜಾಸ್ತಿ ಕೇಳಿಬರುತ್ತದೆ. 2015ರಲ್ಲಿ ಯುಕ್ರೇನಿನ ಮಾಸ್ಟರ್‌ಶೆಫ್ ಟಿವಿ ಅಡುಗೆ ಸ್ಪರ್ಧೆ ಗೆದ್ದ ಗುಂಗುರು ಕೂದಲಿನ ಹುಡುಗ. 2019ರಲ್ಲಿ ಕೀವ್‌ನಲ್ಲಿ ಹೋಟೆಲ್ ತೆರೆದರು. ಹೆಸರನ್ನು ಕನ್ನಡಕ್ಕೆ ತಂದರೆ ‘ನೂರು ವರ್ಷ ಹಿಂದಕ್ಕೆ, ಮುಂದಕ್ಕೆ’ ಅನ್ನಬಹುದು. ಸೋವಿಯತ್ ಕಾಲಕ್ಕೂ ಮುಂಚಿನ ಅಡುಗೆಗಳನ್ನು ಹುಡುಕಿ ಈಗಿನ ತಟ್ಟೆಗೆ ತರುವುದು ಅವರ ಕೆಲಸ. ಯುನೆಸ್ಕೊ ಪಟ್ಟಿಗಾಗಿ ಬೆನ್ನು ಹತ್ತಿದವರೂ ಇವರೇ. ಶಾಲೆ ಮಕ್ಕಳ ಊಟದ ಪಟ್ಟಿ ಬದಲಿಸುವ ಕೆಲಸಕ್ಕೂ ಕೈ ಹಾಕಿದರು, ನನಗೆ ಹೋಟೆಲಿಗಿಂತ ಅದೇ ದೊಡ್ಡದಾಗಿ ಕಾಣುತ್ತದೆ. ಯುದ್ಧ ಶುರುವಾದ ಮೇಲೆ ದೇಶದ ಪಶ್ಚಿಮದ ಲಿವಿವ್ ನಗರದಲ್ಲಿ, ಮನೆ ಬಿಟ್ಟು ಬಂದವರಿಗಾಗಿ ಇನ್ನೊಂದು ಸಣ್ಣ ಊಟದ ಮನೆ ತೆರೆದರು.

‘ಸಂಪ್ರದಾಯ’ ಅನ್ನುವಾಗ ನಾವೂ ಸ್ವಲ್ಪ ಹುಷಾರಾಗಿರಬೇಕು ಅಲ್ವಾ? ಬೋರ್ಶ್ ಎಂಬ ಹೆಸರು ಬಂದದ್ದೇ ಬೀಟ್‌ರೂಟಿನಿಂದಲ್ಲ, ಹುಳಿ ಬರಿಸಿ ಸಾರು ಮಾಡುತ್ತಿದ್ದ ಒಂದು ಕಾಡುಸೊಪ್ಪಿನಿಂದ. ಬೀಟ್‌ರೂಟ್ ಆಮೇಲೆ ಬಂತು. ಆಲೂಗಡ್ಡೆ, ಟೊಮೆಟೊ ಅಂತೂ ಇನ್ನೂ ಈಚಿನವು. ಆ ಕಾಡುಸೊಪ್ಪಿನ ಕಾಲದ ಅಜ್ಜಿ ಎದ್ದು ಬಂದು ಖಾರ್ಕಿವ್ ಅಜ್ಜಿಯ ಸಾರು ನೋಡಿದರೆ, ‘ಇದೇನಮ್ಮಾ ಇಷ್ಟು ಕೆಂಪು’ ಅನ್ನುತ್ತಿದ್ದಳೋ ಏನೋ.

ದೇಶದ ಹೊರಗಿನ ಎರಡು ಹೋಟೆಲ್‌ಗಳ ಬಗ್ಗೆ ಲೇಖನದಲ್ಲಿ ಜಾಗ ಸಾಲಲಿಲ್ಲ, ಇಲ್ಲಿ ಹೇಳಿಬಿಡುತ್ತೇನೆ. ಯುದ್ಧ ಶುರುವಾದಾಗ ಲಂಡನ್ನಿನಲ್ಲಿದ್ದ ಬಾಣಸಿಗ ಯೂರಿ ಕೊವ್ರಿಜೆಂಕೊ 2022ರಲ್ಲೇ ಅಲ್ಲಿ ‘ಮ್ರಿಯಾ’ ತೆರೆದರು. ಕೆಲಸಕ್ಕೆ ತೆಗೆದುಕೊಂಡದ್ದು ತಮ್ಮ ಹಾಗೆಯೇ ಊರಿಗೆ ಮರಳಲಾಗದವರನ್ನು. ಮ್ರಿಯಾ ಅಂದರೆ ಕನಸು. ಯುದ್ಧದ ಮೊದಲ ದಿನಗಳಲ್ಲಿ ಕೀವ್ ಹತ್ತಿರದ ಹೊಸ್ತೊಮೆಲ್‌ನಲ್ಲಿ ಸುಟ್ಟುಹೋದ ಆ ದೈತ್ಯ ವಿಮಾನದ ಹೆಸರೂ ಅದೇ. ಶಿಕಾಗೊದಲ್ಲಿ 2023ರಲ್ಲಿ ಶುರುವಾದದ್ದರ ಹೆಸರು ‘ಅನೇಲ್ಯಾ’. ಅದು ಬಾಣಸಿಗನ ಅಜ್ಜಿಯ ಹೆಸರು. ನೋಡಿ, ನಿಮ್ಮ ಮಗಳ ಅಜ್ಜಿಯನ್ನು ಇವರೂ ಮರೆತಿಲ್ಲ.

ಸಸ್ಯಾಹಾರಿಗಳಿಗೆ ಏನಿದೆ ಅಂತ ಪತ್ರದ ಕೊನೆಯಲ್ಲಿ ಕೇಳಿದ್ದೀರಿ. ಕ್ರಿಸ್‌ಮಸ್ ಹಿಂದಿನ ರಾತ್ರಿ ಅಲ್ಲಿ ಮಾಂಸವಿಲ್ಲದ 12 ಬಗೆ ಮಾಡುತ್ತಾರೆ. ಬೋರ್ಶ್‌ಗೆ ಅಣಬೆ ತುಂಬಿದ ಪುಟ್ಟ ಕಡುಬು ಬೀಳುತ್ತದೆ. ಮೊದಲು ಬಾಯಿಗಿಡುವುದು ಕುತ್ಯಾ. ನಿಮ್ಮ ಕಡೆಯ ಗೋಧಿ ಹುಗ್ಗಿಗೆ ಬೆಲ್ಲದ ಬದಲು ಜೇನು, ಮೇಲೆ ಅರೆದ ಗಸಗಸೆ ಅಂದುಕೊಳ್ಳಿ. ಮಗಳಿಗೆ ಖಂಡಿತ ಗೊತ್ತಿರುತ್ತದೆ.

ಇನ್ನು ಆ ಹುಳಿ. ಈಗ ಎಷ್ಟೋ ಕಡೆ ಬೋರ್ಶ್‌ಗೆ ವಿನಿಗರ್ ಇಲ್ಲವೇ ಟೊಮೆಟೊ ಹಾಕಿ ಮುಗಿಸುತ್ತಾರೆ. ಹಳೇ ಕ್ರಮದಲ್ಲಿ ಅದಕ್ಕೆ ಬೀಟ್‌ರೂಟ್ ಕ್ವಾಸ್, ಅಂದರೆ ಹುಳಿ ಬರಿಸಿದ ಬೀಟ್‌ರೂಟ್ ನೀರು ಬೇಕು. ನಿಮ್ಮ ಪತ್ರ ಓದಿದ ಮೇಲೆ ಸುಮ್ನೆ ಕೂರಲಾಗದೆ ಮನೆಯಲ್ಲಿ ಮಾಡಿ ನೋಡಿದೆ. ಸಿಪ್ಪೆ ತೆಗೆದ ಬೀಟ್‌ರೂಟ್ ಹೋಳು, ಕುದಿಸಿ ಆರಿಸಿದ ನೀರು, ಉಪ್ಪು, ಬಾಯಿಗೆ ತೆಳು ಬಟ್ಟೆ. ಅಲ್ಲಿನ ಚಳಿಗೆ ವಾರ ಬೇಕಾಗಬಹುದು. ನಮ್ಮ ಸೆಕೆಗೆ ಎರಡನೇ ದಿನವೇ ಗುಳ್ಳೆ ಎದ್ದವು, ಮೂರನೇ ದಿನ ಮೂಗಿಗೆ ಮಣ್ಣಿನ ವಾಸನೆ ಹೋಗಿ ಹುಳಿ ಬಂತು. ಸೋಸಿ ಬೋರ್ಶ್‌ಗೆ ಕೊನೆಯಲ್ಲಿ ಹಾಕಿದೆ, ಮೇಲೊಂದು ಚಮಚ ಗಟ್ಟಿ ಮೊಸರು. ಬಣ್ಣ ಇನ್ನೂ ನನ್ನ ಅಂಗಿ ತೋಳಿನಲ್ಲಿದೆ. ಮಗಳು ಮಾಡುವುದಾದರೆ ಜಾಡಿಯನ್ನು ಕುತ್ತಿಗೆವರೆಗೆ ತುಂಬಬೇಡಿ ಅಂತ ಹೇಳಿ, ಕೆಳಗೊಂದು ತಟ್ಟೆಯನ್ನೂ ಇಡಲಿ. ನಾನು ಇಟ್ಟಿರಲಿಲ್ಲ.